ಡಿಕ್ಕಿಯ ಬಾಯಿ ಅಳೆದು ತನ್ನಿ: ಮಡಚುವ ವೀಲ್‌ಚೇರ್ ಆರಿಸುವುದು, ಸಾಗಿಸುವುದು ಹೇಗೆ?

ಅಮ್ಮನಿಗೆ ತಂದ ಮೊದಲ ವೀಲ್‌ಚೇರ್ ಸೊಗಸಾಗಿ ಮಡಚುತ್ತಿತ್ತು. ಕಾರಿನ ಡಿಕ್ಕಿಯೊಳಗೆ ಅದಕ್ಕೆ ಬೇಕಾದಷ್ಟು ಜಾಗವೂ ಇತ್ತು. ಡಿಕ್ಕಿಯ ಬಾಯಿಯಲ್ಲಿ ಮಾತ್ರ ತೂರುತ್ತಿರಲಿಲ್ಲ. ತರುವ ಮೊದಲು ಟೇಪ್ ಹಿಡಿದು ಒಳಗಿನ ಉದ್ದ, ಅಗಲ, ಎತ್ತರ ಎಲ್ಲ ಬರೆದುಕೊಂಡಿದ್ದೆ. ಒಳಗಿಗಿಂತ ಬಾಯಿ ಕಿರಿದು ಅನ್ನೋದು ಹೊಳೆದೇ ಇರಲಿಲ್ಲ. ಆಮೇಲೆ ಎರಡು ತಿಂಗಳು ಅದನ್ನು ಹಿಂದಿನ ಸೀಟಿನ ಮೇಲೆ ಅಡ್ಡ ಹಾಕಿಕೊಂಡು ಓಡಾಡಿದೆವು. ಅಮ್ಮ ಮುಂದೆ, ವೀಲ್‌ಚೇರ್ ಹಿಂದೆ. ಜೊತೆಗೆ ಬರುತ್ತೇನೆ ಅಂದವರಿಗೆ ಜಾಗ ಇಲ್ಲ.

ಮಡಚುತ್ತದೆಯೇ ಅಂತ ಕೇಳಿದರೆ ಮಾರುವವರು ಹೌದು ಅಂತಲೇ ಹೇಳುತ್ತಾರೆ. ನಾವು ಕೇಳಿಕೊಳ್ಳಬೇಕಾದ್ದು ಬೇರೆ. ಮಡಚಿದ್ದನ್ನು ಯಾರು ಎತ್ತುತ್ತಾರೆ? ಎಲ್ಲಿಗೆ ಎತ್ತುತ್ತಾರೆ? ದಿನಕ್ಕೆ ಎಷ್ಟು ಸಲ? ಈ ಮೂರನ್ನು ತಲೆಯಲ್ಲಿ ಇಟ್ಟುಕೊಂಡು ಮುಂದೆ ಓದಿ.

ಮಡಚುವುದರಲ್ಲೂ ಬಗೆಗಳಿವೆ

ಹೆಚ್ಚಿನ ವೀಲ್‌ಚೇರ್‌ಗಳ ಸೀಟಿನ ಕೆಳಗೆ ಎರಡು ಕೊಳವೆಗಳು ಕತ್ತರಿಯ ಹಾಗೆ ಅಡ್ಡ ಹಾಯ್ದಿರುತ್ತವೆ. ನಡುವೆ ಒಂದು ಬೋಲ್ಟ್. ಸೀಟಿನ ಬಟ್ಟೆ ಹಿಡಿದು ಮೇಲಕ್ಕೆ ಎಳೆದರೆ ಕತ್ತರಿ ಮುಚ್ಚುತ್ತದೆ, ಎರಡೂ ಪಕ್ಕಗಳು ಹತ್ತಿರ ಬರುತ್ತವೆ. 1930ರ ದಶಕದಲ್ಲಿ ಅಮೆರಿಕದ ಹರ್ಬರ್ಟ್ ಎವರೆಸ್ಟ್ ಮತ್ತು ಹ್ಯಾರಿ ಜೆನ್ನಿಂಗ್ಸ್ ಎಂಬ ಇಬ್ಬರು ಎಂಜಿನಿಯರ್ ಗೆಳೆಯರು ಈ ವಿನ್ಯಾಸವನ್ನು ಬಳಕೆಗೆ ತಂದರು. ಎವರೆಸ್ಟ್ ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡವರು. ಆಗಿನ ಕುರ್ಚಿಗಳನ್ನು ಕಾರಿಗೆ ಏರಿಸುವುದೇ ದೊಡ್ಡ ಪಾಡು. ಮಡಚುವ ವೀಲ್‌ಚೇರ್ ಹುಟ್ಟಿದ್ದೇ ಸಾಗಾಟದ ತಲೆನೋವಿನಿಂದ ಅನ್ನಬಹುದು.

ಈ ಕತ್ತರಿ ಬಗೆಯಲ್ಲಿ ಒಂದು ವಿಷಯ ನೆನಪಿರಲಿ. ಕಡಿಮೆಯಾಗುವುದು ಅಗಲ ಮಾತ್ರ. 60–68 ಸೆಂ.ಮೀ. ಅಗಲದ ಕುರ್ಚಿ ಮಡಚಿದಾಗ ಸುಮಾರು 30 ಸೆಂ.ಮೀ.ಗೆ ಬರುತ್ತದೆ. ಎತ್ತರ ಹಾಗೇ ಉಳಿಯುತ್ತದೆ, ಸುಮಾರು 90 ಸೆಂ.ಮೀ. ಉದ್ದವೂ ಹಾಗೇ, ಫುಟ್‌ರೆಸ್ಟ್ ಬಿಚ್ಚದಿದ್ದರೆ ಒಂದು ಮೀಟರ್ ಮುಟ್ಟುತ್ತದೆ. ನಮ್ಮ ಮೊದಲ ಕುರ್ಚಿ ಕೈಕೊಟ್ಟಿದ್ದು ಇಲ್ಲೇ. ಬೆನ್ನಿನ ಭಾಗವೂ ಅರ್ಧಕ್ಕೆ ಕೆಳಗೆ ಮಡಚುವಂತಿದ್ದರೆ ಹ್ಯಾಂಡಲ್ ಸಮೇತ ಎತ್ತರ ಇಳಿಯುತ್ತದೆ. ಚಿಕ್ಕ ಡಿಕ್ಕಿಯವರಿಗೆ ಈ ಒಂದು ಸೌಲಭ್ಯ ಬೇಕೇ ಬೇಕು.

ಎರಡನೇ ಬಗೆಯಲ್ಲಿ ಕತ್ತರಿ ಇರುವುದಿಲ್ಲ. ಚೌಕಟ್ಟು ಗಟ್ಟಿಯಾಗಿ ಒಂದೇ ತುಂಡು. ಬೆನ್ನು ಸೀಟಿನ ಮೇಲೆ ಮಡಚಿ ಮಲಗುತ್ತದೆ, ಚಕ್ರಗಳನ್ನು ಕಳಚಿ ಬೇರೆ ಇಡಬೇಕು. ಕೀಲುಗಳು ಕಡಿಮೆ, ಹಾಗಾಗಿ ಹಗುರ. ತಳ್ಳಿದ ಬಲವೆಲ್ಲ ಚಕ್ರಕ್ಕೇ ಹೋಗುತ್ತದೆ. ತಾವೇ ಕಾರು ಓಡಿಸುವ ವೀಲ್‌ಚೇರ್ ಬಳಕೆದಾರರು ಹೆಚ್ಚಾಗಿ ಇದನ್ನೇ ಇಷ್ಟಪಡುತ್ತಾರೆ. ಅವರು ಡ್ರೈವರ್ ಸೀಟಿಗೆ ಜರುಗಿ ಕೂತು, ಒಂದೊಂದೇ ಚಕ್ರ ಕಳಚಿ ಹಿಂದಿನ ಸೀಟಿಗೆ ಹಾಕಿ, ಕೊನೆಗೆ ಚೌಕಟ್ಟನ್ನು ತಮ್ಮ ಎದೆಯ ಮೇಲಿಂದ ದಾಟಿಸಿ ಪಕ್ಕದ ಸೀಟಿಗೆ ಇಡುತ್ತಾರೆ. ಅಭ್ಯಾಸ ಆದವರು ಇದನ್ನೆಲ್ಲ ಮಾಡುವ ವೇಗ ನೋಡಿದರೆ ಬೆರಗಾಗುತ್ತದೆ.

ಮೂರನೆಯದು ಚಿಕ್ಕ ಚಕ್ರದ, ಬೇರೆಯವರೇ ತಳ್ಳಬೇಕಾದ ಪ್ರಯಾಣದ ಕುರ್ಚಿ. ಕೆಲವಂತೂ ಸೂಟ್‌ಕೇಸ್‌ನಷ್ಟಾಗುತ್ತವೆ. ಸಾಗಿಸಲು ಇದಕ್ಕಿಂತ ಸುಲಭದ್ದಿಲ್ಲ. ಆದರೆ ಕೂತವರಿಗೆ ತಾವಾಗಿ ಒಂದು ಅಡಿ ಸರಿಯಲೂ ಆಗುವುದಿಲ್ಲ. ಕೈಯಲ್ಲಿ ಬಲ ಇರುವವರಿಗೆ ಇದನ್ನು ದಿನಬಳಕೆಗೆ ಕೊಡಬೇಡಿ. ನೀರಿನ ಲೋಟಕ್ಕೂ ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ. ನಮಗೆ ಸುಲಭ ಅಂತ ಅವರನ್ನು ಕಟ್ಟಿಹಾಕಿದ ಹಾಗಾಗುತ್ತದೆ, ಅಲ್ವಾ?

ಕೊಳ್ಳುವ ಮೊದಲು: ಟೇಪು, ರಟ್ಟು, ಬಾತ್‌ರೂಮ್ ಮಾಪಕ

ಮೊದಲು ಡಿಕ್ಕಿಯ ಬಾಯಿ ಅಳೆಯಿರಿ. ಅತಿ ಕಿರಿದಾದ ಕಡೆ ಅಗಲ ಎಷ್ಟು, ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ಎತ್ತರ ಎಷ್ಟು, ಎರಡೂ ಬೇಕು. ಒಳಗಿನ ಅಳತೆ ಆಮೇಲೆ. ಮುಚ್ಚಳದ ತೋಳುಗಳು ಎಷ್ಟು ಒಳಗೆ ಇಳಿಯುತ್ತವೆ ಅನ್ನುವುದನ್ನೂ ನೋಡಿ. ಎಲ್ಲ ಹಿಡಿಸಿದ ಮೇಲೂ ಮುಚ್ಚಳ ಹಾಕಲು ಆಗದೆ ಪೇಚಾಡುವವರಿದ್ದಾರೆ.

ಅಳತೆಯ ಪಟ್ಟಿ ಓದಿ ಊಹಿಸುವುದು ಕಷ್ಟ. ನಾನು ಎರಡನೇ ಸಲ ಹೀಗೆ ಮಾಡಿದೆ. ಹಳೇ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ, ಮಡಚಿದ ಕುರ್ಚಿಯ ಅಳತೆಗೆ ಒಂದು ದೊಡ್ಡ ಡಬ್ಬ ಅಂಟಿಸಿದೆ. ಅದನ್ನು ಡಿಕ್ಕಿಗೆ ತೂರಿಸಿ ನೋಡಿದೆ. ಹತ್ತು ನಿಮಿಷದ ಕೆಲಸ. ಯಾವ ಕೋನಕ್ಕೆ ಓರೆ ಮಾಡಬೇಕು ಅನ್ನುವುದೂ ಅದರಲ್ಲೇ ಗೊತ್ತಾಯಿತು.

ಇನ್ನು ತೂಕ. ಸ್ಟೀಲ್ ಚೌಕಟ್ಟಿನ ಸಾಮಾನ್ಯ ಕುರ್ಚಿ 16ರಿಂದ 20 ಕೆ.ಜಿ. ತೂಗುತ್ತದೆ. ಅಲ್ಯೂಮಿನಿಯಂದು 11–15. ಚಿಕ್ಕ ಚಕ್ರದ ಪ್ರಯಾಣದ ಕುರ್ಚಿ 8–11. ಟೈಟಾನಿಯಂ, ಕಾರ್ಬನ್ ಫೈಬರ್‌ನವು 10 ಕೆ.ಜಿ.ಯ ಕೆಳಗೂ ಇಳಿಯುತ್ತವೆ, ಆದರೆ ಬೆಲೆ ಮೇಲಕ್ಕೇರುತ್ತದೆ. ಪಟ್ಟಿಯಲ್ಲಿ ಬರೆದ ತೂಕವನ್ನು ಸುಮ್ನೆ ನಂಬಬೇಡಿ. ಎಷ್ಟೋ ಕಡೆ ಚಕ್ರ, ಫುಟ್‌ರೆಸ್ಟ್ ಬಿಚ್ಚಿದ ಮೇಲಿನ ತೂಕ ಹಾಕಿರುತ್ತಾರೆ. ಆಗುವುದಾದರೆ ಮನೆಯ ತೂಕದ ಮಾಪಕದ ಮೇಲೆ ಕುರ್ಚಿ ಹಿಡಿದು ನಿಂತು, ಆಮೇಲೆ ಬರಿಗೈಯಲ್ಲಿ ನಿಂತು, ಕಳೆದುಬಿಡಿ. ಲೆಕ್ಕ ಖಚಿತ.

ನಿಜಕ್ಕೂ ಲೆಕ್ಕಕ್ಕೆ ಬರುವುದು ಒಟ್ಟು ತೂಕಕ್ಕಿಂತ ಅತಿ ಭಾರದ ಒಂದು ತುಂಡು ಎಷ್ಟು ತೂಗುತ್ತದೆ ಅನ್ನುವುದು. 16 ಕೆ.ಜಿ. ಕುರ್ಚಿಯ ಎರಡು ದೊಡ್ಡ ಚಕ್ರ, ಎರಡು ಫುಟ್‌ರೆಸ್ಟ್ ಕಳಚಿದರೆ ನಾಲ್ಕೈದು ಕೆ.ಜಿ. ಇಳಿಯುತ್ತದೆ. ಉಳಿದದ್ದನ್ನು ಅರವತ್ತು ದಾಟಿದವರೂ ಎತ್ತಬಹುದೇನೋ. ಎತ್ತುವವರು ಯಾರೋ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಒಂದು ಸಲ ಎತ್ತಿದರೆ ಯಾವ ಕುರ್ಚಿಯೂ ಹಗುರವೇ. ಐದು ಸಲ ಮಡಚಿ, ಸೊಂಟದೆತ್ತರಕ್ಕೆ ಎತ್ತಿ ಇಳಿಸಲಿ. ಐದನೇ ಸಲದ ಮುಖ ನೋಡಿ ತೀರ್ಮಾನ ಮಾಡಿ.

ಸಾಗಾಟಕ್ಕೆ ಅನುಕೂಲ ಮಾಡುವ ಭಾಗಗಳು

ದೊಡ್ಡ ಚಕ್ರ ಸಾಮಾನ್ಯವಾಗಿ 24 ಇಂಚು. ಅದರ ನಡುಮಧ್ಯೆ ಒಂದು ಗುಂಡಿ ಇದ್ದರೆ ಚಕ್ರ ಥಟ್ಟನೆ ಕಳಚುತ್ತದೆ ಅಂತ ಅರ್ಥ. ಗುಂಡಿ ಒತ್ತಿ ಹಿಡಿದು ಹೊರಕ್ಕೆ ಎಳೆಯಬೇಕು, ಅಷ್ಟೆ. ಕಳಚುವ ಮುಂಚೆ ಬ್ರೇಕ್ ಬಿಡಿ, ಇಲ್ಲದಿದ್ದರೆ ಬ್ರೇಕ್ ಟಯರನ್ನು ಕಚ್ಚಿಕೊಂಡಿರುತ್ತದೆ. ತಿರುಗಿ ಹಾಕುವಾಗ ಗುಂಡಿ ಪೂರ್ತಿ ಹೊರಗೆ ಬಂತೇ ನೋಡಿ. ಆಮೇಲೆ ಗುಂಡಿ ಮುಟ್ಟದೆ ಚಕ್ರವನ್ನು ಹೊರಕ್ಕೆ ಜಗ್ಗಿ ನೋಡಿ. ಜಗ್ಗಿದರೂ ಬರಬಾರದು. ಈ ಜಗ್ಗಾಟ ಪ್ರತಿ ಸಲವೂ ಮಾಡಬೇಕಾದ್ದು. ಸರಿಯಾಗಿ ಕೂರದ ಚಕ್ರ ನಾಲ್ಕು ಹೆಜ್ಜೆ ಚೆನ್ನಾಗಿಯೇ ಉರುಳಿ, ಮೊದಲ ತಿರುವಿನಲ್ಲಿ ಕಳಚಿ ಬೀಳಬಹುದು.

ಫುಟ್‌ರೆಸ್ಟ್ ಪಕ್ಕಕ್ಕೆ ತಿರುಗಿ, ಮೇಲಕ್ಕೆ ಎತ್ತಿದರೆ ಕೈಗೆ ಬರುವಂತಿರಬೇಕು. ಕುರ್ಚಿಯ ಉದ್ದ ಇಳಿಯುತ್ತದೆ ಅನ್ನುವುದು ಒಂದು ಲಾಭ. ಕೂತವರು ಏಳುವಾಗ ಕಾಲಿಗೆ ಅಡ್ಡ ಬರುವುದಿಲ್ಲ ಅನ್ನುವುದು ಅದಕ್ಕಿಂತ ದೊಡ್ಡ ಲಾಭ. ಆರ್ಮ್‌ರೆಸ್ಟ್ ಹಿಂದಕ್ಕೆ ಮಡಚಿದರೆ ಪಕ್ಕಕ್ಕೆ ಜರುಗಿ ಕಾರಿನ ಸೀಟಿಗೆ ಹೋಗಬಹುದು.

ಟಯರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಗಾಳಿ ಟಯರ್ ಕುಲುಕಾಟ ಕಡಿಮೆ ಮಾಡುತ್ತದೆ, ಆದರೆ ಪಂಕ್ಚರ್ ಆಗುತ್ತದೆ. ಗಟ್ಟಿ ಟಯರ್‌ಗೆ ಪಂಕ್ಚರ್ ಭಯವಿಲ್ಲ. ಪ್ರಯಾಣ ಹೆಚ್ಚಿದ್ದರೆ ಗಟ್ಟಿಯದೇ ಮೇಲು ಅನ್ನುವುದು ನನ್ನ ಅನುಭವ. ಗಾಳಿ ಟಯರ್ ಇದ್ದರೆ ಒಂದು ಮಾತು: ಗಾಳಿ ಇಳಿದರೆ ಬ್ರೇಕ್ ಕೂಡ ಸಡಿಲವಾಗುತ್ತದೆ. ಹೆಚ್ಚಿನ ವೀಲ್‌ಚೇರ್‌ಗಳ ಬ್ರೇಕ್ ಟಯರನ್ನೇ ಒತ್ತಿ ನಿಲ್ಲಿಸುವಂಥದ್ದು.

ಮಡಚುವ ಗಡಿಬಿಡಿಯಲ್ಲಿ ಕೂರುವವರನ್ನು ಮರೆಯಬಾರದು. ಸೀಟಿನ ಅಗಲ ಸೊಂಟದ ಅಗಲಕ್ಕಿಂತ ಎರಡೂ ಕಡೆ ಒಂದೊಂದು ಇಂಚು ಜಾಸ್ತಿ ಸಾಕು. ಸೀಟಿನ ಮುಂದಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗ ಬೇಕು. ಪಾದದ ತಟ್ಟೆ ನೆಲದಿಂದ ಕನಿಷ್ಠ 5 ಸೆಂ.ಮೀ. ಮೇಲಿರಬೇಕು. ಮಡಚುವ ಕುರ್ಚಿಯ ಸೀಟು ಬಟ್ಟೆಯದ್ದು. ದಿನ ಕಳೆದಂತೆ ನಡುವೆ ಜೋಲುತ್ತದೆ. ಗಂಟೆಗಟ್ಟಲೆ ಕೂರುವವರಿಗೆ ಒಳ್ಳೆಯ ಕುಶನ್ ಬೇಕೇ ಬೇಕು, ಇಲ್ಲದಿದ್ದರೆ ಒತ್ತಡದ ಹುಣ್ಣು ಆಗುವ ಅಪಾಯ ಹೆಚ್ಚು. ಕುಶನ್ ಹಾಕಿದ ಮೇಲೆ ಕೂತವರು ಎರಡು ಮೂರು ಇಂಚು ಮೇಲೇರುತ್ತಾರೆ. ಹಾಗಾಗಿ ಎಲ್ಲ ಅಳತೆಯನ್ನೂ ಕುಶನ್ ಇಟ್ಟೇ ನೋಡಿ. ಕೂರುವವರ ತೂಕವನ್ನು ಕುರ್ಚಿ ತಡೆಯುತ್ತದೆಯೇ ಅನ್ನುವುದನ್ನೂ ತಯಾರಕರ ಪಟ್ಟಿಯಲ್ಲಿ ಓದಿಕೊಳ್ಳಿ.

ಮಡಚುವುದು, ಬಿಡಿಸುವುದು

ಕತ್ತರಿ ಬಗೆಯ ಕುರ್ಚಿಗೆ ಈ ಕ್ರಮ.

1. ಮೊದಲು ಬ್ರೇಕ್ ಹಾಕಿ. ಕೂತವರು ಎದ್ದು ಭದ್ರವಾಗಿ ಬೇರೆಡೆ ಕೂತ ಮೇಲೆ ಮಡಚಲು ಶುರು ಮಾಡಿ. ಹ್ಯಾಂಡಲ್‌ಗೆ ನೇತುಹಾಕಿದ ಚೀಲವನ್ನು ಅವರು ಏಳುವ ಮುಂಚೆಯೇ ತೆಗೆದಿರಬೇಕು. ಮೇಲಿನ ಭಾರ ಹೋದ ಕೂಡಲೇ ಚೀಲದ ಭಾರಕ್ಕೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಹಗುರ ಕುರ್ಚಿಯಾದರೆ ಇನ್ನೂ ಬೇಗ.
2. ಕುಶನ್ ತೆಗೆಯಿರಿ.
3. ಫುಟ್‌ರೆಸ್ಟ್ ಬಿಚ್ಚಿ. ಬಿಚ್ಚಲು ಬಾರದ್ದಾದರೆ ಪಾದದ ತಟ್ಟೆಗಳನ್ನಾದರೂ ಮೇಲಕ್ಕೆ ಮಡಚಿ.
4. ಸೀಟಿನ ಬಟ್ಟೆಯ ನಡುಮಧ್ಯೆ ಮುಂದೊಂದು ಕೈ, ಹಿಂದೊಂದು ಕೈ ಹಾಕಿ ಒಟ್ಟಿಗೆ ಮೇಲಕ್ಕೆ ಎಳೆಯಿರಿ. ಮುಂದೆ ಮಾತ್ರ ಎಳೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ.
5. ಒಂದು ಬೆಲ್ಟಿನಿಂದ ಎರಡೂ ಪಕ್ಕ ಸೇರಿಸಿ ಬಿಗಿಯಿರಿ. ಇದನ್ನು ಬಿಟ್ಟರೆ ಎತ್ತುವಾಗ ಅರ್ಧದಲ್ಲೇ ಬಾಯಿ ಬಿಟ್ಟುಕೊಳ್ಳುತ್ತದೆ.

ಬಿಡಿಸುವಾಗಲೇ ಬೆರಳು ಜಜ್ಜಿಕೊಳ್ಳುವುದು. ಸೀಟಿನ ಎರಡೂ ಪಕ್ಕ ಉದ್ದಕ್ಕೆ ಕೊಳವೆಗಳಿವೆಯಲ್ಲ, ಅವು ಕೆಳಗಿಳಿದು ಚೌಕಟ್ಟಿನ ಮೇಲೆ ಕೂರುತ್ತವೆ. ಕೊಳವೆಯನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಬೆರಳು ನಡುವೆ ಸಿಕ್ಕಿತು ಅಂತಲೇ. ನನ್ನ ಉಂಗುರದ ಬೆರಳಿನ ಉಗುರು ಹೀಗೆ ಒಮ್ಮೆ ಕಪ್ಪಾಗಿತ್ತು. ಸರಿಯಾದ ರೀತಿ ಇದು: ಕುರ್ಚಿಯನ್ನು ಒಂದು ಪಕ್ಕಕ್ಕೆ ತುಸು ವಾಲಿಸಿ, ಅಂಗೈಯನ್ನು ಚಪ್ಪಟೆಯಾಗಿ ಕೊಳವೆಯ ಮೇಲಿಟ್ಟು, ಬೆರಳುಗಳು ಸೀಟಿನ ಒಳಗಡೆಗೆ ತೋರುವಂತೆ ಇಟ್ಟುಕೊಂಡು ಕೆಳಕ್ಕೆ ಒತ್ತಿ. ಕೊಳವೆ ತನ್ನ ಕ್ಲಿಪ್ಪಿನಲ್ಲಿ ಕೂತ ಸದ್ದು ಎರಡೂ ಕಡೆ ಬರಬೇಕು. ಒಂದು ಕಡೆ ಮೇಲೆಯೇ ಉಳಿದಿದ್ದರೆ ಯಾರನ್ನೂ ಕೂರಿಸಬೇಡಿ.

ಡಿಕ್ಕಿಗೆ ಏರಿಸುವುದು

ಆರ್ಮ್‌ರೆಸ್ಟ್, ಫುಟ್‌ರೆಸ್ಟ್ ಹಿಡಿದು ಎತ್ತಬೇಡಿ. ಕಳಚುವ ಭಾಗಗಳು ಕೈಯಲ್ಲೇ ಕಳಚಿ ಬರುತ್ತವೆ. ಚೌಕಟ್ಟಿನ ಕೊಳವೆಗಳನ್ನೇ ಹಿಡಿಯಿರಿ, ಒಂದು ಕೈ ಮುಂದೆ, ಇನ್ನೊಂದು ಹಿಂದೆ. ಡಿಕ್ಕಿಗೆ ಹತ್ತಿರ ನಿಂತು, ಮೊಣಕಾಲು ಬಗ್ಗಿಸಿ, ಕುರ್ಚಿ ಮೈಗೆ ಅಂಟಿಕೊಂಡಿರುವಂತೆ ಎತ್ತಿ. ಒಂದೇ ಬಾರಿಗೆ ಒಳಗೆ ಎಸೆಯುವ ಹುಮ್ಮಸ್ಸು ಬೇಡ. ಮೊದಲು ಡಿಕ್ಕಿಯ ಅಂಚಿನ ಮೇಲೆ ಊರಿ, ಉಸಿರು ತೆಗೆದುಕೊಂಡು, ಆಮೇಲೆ ಒಳಗೆ ಜಾರಿಸಿ. ಸೊಂಟ ತಿರುಚುವ ಬದಲು ಪಾದಗಳನ್ನೇ ತಿರುಗಿಸಿ. ಅಂಚಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿದರೆ ಕಾರಿನ ಬಣ್ಣವೂ ಉಳಿಯುತ್ತದೆ, ಕುರ್ಚಿಯೂ ಸಲೀಸಾಗಿ ಜಾರುತ್ತದೆ.

ಕುರ್ಚಿಯ ಮೇಲೆ ಭಾರದ ಸಾಮಾನು ಪೇರಿಸಬೇಡಿ. ಕೈಯಿಂದ ತಳ್ಳುವ ಹೊರಬಳೆ ಬಾಗುತ್ತದೆ. ಹಿಂದಿನ ಸೀಟಿನಲ್ಲೇ ಇಡಬೇಕಾಗಿ ಬಂದರೆ ಬೆಲ್ಟ್ ಹಾಕಿ ಬಿಗಿಯಿರಿ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ 15 ಕೆ.ಜಿ.ಯ ಲೋಹ ಮುಂದಿನವರ ತಲೆಗೆ ಬರುತ್ತದೆ. ಎರಡು ತಿಂಗಳು ನಾವು ಹಾಗೆ ಬಿಗಿಯದೆ ಓಡಾಡಿದ್ದು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

ಕುರ್ಚಿಯಿಂದ ಕಾರಿಗೆ

ಕಾರಿನ ಬಾಗಿಲು ಪೂರ್ತಿ ತೆರೆದು, ಕುರ್ಚಿಯನ್ನು ಸೀಟಿಗೆ ಓರೆಯಾಗಿ ಆದಷ್ಟು ಹತ್ತಿರ ತನ್ನಿ. ಬ್ರೇಕ್ ಹಾಕಿ, ಫುಟ್‌ರೆಸ್ಟ್ ಪಕ್ಕಕ್ಕೆ ತಿರುಗಿಸಿ. ಒಂದು ಪಕ್ಕದ ಕೈಕಾಲು ದುರ್ಬಲವಾಗಿದ್ದರೆ ಬಲವಾದ ಪಕ್ಕ ಕಾರಿನ ಕಡೆ ಇರಲಿ. ಮೊದಲು ಹಿಂಭಾಗ ಸೀಟಿನ ಮೇಲೆ ಕೂರಬೇಕು, ತಲೆ ಬಗ್ಗಿಸಬೇಕು, ಕಾಲುಗಳನ್ನು ಒಳಗೆ ಎತ್ತಿಡುವುದು ಕೊನೆಗೆ. ಆಧಾರಕ್ಕೆ ಕಾರಿನ ಬಾಗಿಲು ಹಿಡಿಯಲು ಬಿಡಬೇಡಿ, ಅದು ಓಡಾಡುವ ವಸ್ತು. ಇಬ್ಬರಿಗೂ ಹೊಸತಾದರೆ ಫಿಸಿಯೋಥೆರಪಿಸ್ಟ್ ಎದುರು ಒಮ್ಮೆ ಮಾಡಿ ಕಲಿಯಿರಿ.

ವೀಲ್‌ಚೇರ್‌ನಲ್ಲೇ ಕೂತು ವ್ಯಾನ್‌ನಲ್ಲಿ ಹೋಗಬಹುದೇ ಅಂತ ಕೇಳುವವರಿದ್ದಾರೆ. ಎಲ್ಲ ಕುರ್ಚಿಗೂ ಅದು ಆಗುವುದಿಲ್ಲ. ಅದಕ್ಕೆಂದೇ ಐಎಸ್‌ಒ 7176-19 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರಂತೆ ಪರೀಕ್ಷೆಯಾದ ಕುರ್ಚಿಯ ಚೌಕಟ್ಟಿನಲ್ಲಿ ನಾಲ್ಕು ಕಡೆ ಕಟ್ಟುವ ಜಾಗ ಗುರುತು ಹಾಕಿರುತ್ತಾರೆ. ಹಗುರ ಪ್ರಯಾಣದ ಕುರ್ಚಿಗಳಲ್ಲಿ ಎಷ್ಟೋ ಇದಕ್ಕೆ ಮಾಡಿದವಲ್ಲ. ವಾಹನದ ಸೀಟಿಗೆ ಜರುಗಿ ಕೂರಲು ಆಗುವುದಾದರೆ ಅದೇ ಸುರಕ್ಷಿತ.

ರೈಲು, ವಿಮಾನ

ರೈಲು ಮತ್ತು ಲಿಫ್ಟ್‌ಗಳಲ್ಲಿ ತೊಂದರೆ ಕೊಡುವುದು ಮುಂದಿನ ಚಿಕ್ಕ ಚಕ್ರಗಳು. ಬಾಗಿಲ ಬಳಿಯ ಸಂದಿಗೆ ಸಿಕ್ಕಿಕೊಳ್ಳುತ್ತವೆ. ಹಿಮ್ಮುಖವಾಗಿ, ದೊಡ್ಡ ಚಕ್ರ ಮೊದಲು ದಾಟುವಂತೆ ಎಳೆದುಕೊಂಡರೆ ಸಲೀಸು.

ವಿಮಾನಕ್ಕೆ ಸ್ವಲ್ಪ ತಯಾರಿ ಬೇಕು. ಟಿಕೆಟ್ ಮಾಡುವಾಗಲೇ, ಇಲ್ಲವೇ ಕನಿಷ್ಠ 48 ಗಂಟೆ ಮುಂಚೆ ವಿಮಾನ ಸಂಸ್ಥೆಗೆ ತಿಳಿಸಿ. ಕುರ್ಚಿಯ ಮಡಚಿದ ಅಳತೆ, ತೂಕ ಬರೆದಿಟ್ಟುಕೊಂಡಿದ್ದರೆ ಫೋನಿನಲ್ಲೇ ಕೆಲಸ ಮುಗಿಯುತ್ತದೆ. ವಿಮಾನದ ಬಾಗಿಲವರೆಗೂ ನಿಮ್ಮ ಕುರ್ಚಿಯಲ್ಲೇ ಹೋಗಲು ಕೇಳಿ. ಒಳಗೆ ಸಾಲುಗಳ ನಡುವೆ ಹೋಗಲು ಅವರ ಬಳಿ ಕಿರಿದಾದ ಬೇರೆ ಕುರ್ಚಿ ಇರುತ್ತದೆ. ಒಪ್ಪಿಸುವ ಮುಂಚೆ ಕುಶನ್, ಫುಟ್‌ರೆಸ್ಟ್, ಕಳಚಿ ಬರುವ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ನಿಮ್ಮ ಜೊತೆಗೇ ಇಟ್ಟುಕೊಳ್ಳಿ. ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಎಲ್ಲಿ ಹಿಡಿದು ಎತ್ತಬೇಕು, ಹೇಗೆ ಮಡಚಬೇಕು ಅಂತ ದೊಡ್ಡ ಅಕ್ಷರದಲ್ಲಿ ಬರೆದ ಚೀಟಿ ಬೆನ್ನಿಗೆ ಕಟ್ಟಿ. ಸಾಮಾನು ಸಾಗಿಸುವವರಿಗೆ ನಿಮ್ಮ ಕುರ್ಚಿ ಹೊಸದು, ಸಮಯವೂ ಕಡಿಮೆ.

ಬ್ಯಾಟರಿಯಿಂದ ಓಡುವ ಮಡಚುವ ವೀಲ್‌ಚೇರ್ ಆದರೆ ಇನ್ನೊಂದು ಲೆಕ್ಕ. ಇವು 20 ಕೆ.ಜಿ. ದಾಟುವುದೇ ಹೆಚ್ಚು, ಡಿಕ್ಕಿಗೆ ಎತ್ತಲು ಇಬ್ಬರು ಬೇಕಾಗಬಹುದು. ಲಿಥಿಯಂ ಬ್ಯಾಟರಿ ಕಳಚಿ ಬರುವಂತಿದ್ದರೆ, ಕಳಚಿ ಕ್ಯಾಬಿನ್‌ಗೆ ಒಯ್ಯಬೇಕು ಅನ್ನುವುದು ವಿಮಾನಯಾನದ ಸಾಮಾನ್ಯ ನಿಯಮ. ಬ್ಯಾಟರಿ ಎಷ್ಟು ಶಕ್ತಿ ಹಿಡಿಯುತ್ತದೆ ಅನ್ನುವುದರ ಅಳತೆ ವಾಟ್-ಅವರ್. ಒಂದೇ ಬ್ಯಾಟರಿಯಾದರೆ ಮಿತಿ 300 ವಾಟ್-ಅವರ್. ಎರಡು ಬ್ಯಾಟರಿ ಇದ್ದರೆ ಒಂದೊಂದೂ 160ರ ಒಳಗಿರಬೇಕು. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವಾಟ್-ಅವರ್ ಸಿಗುತ್ತದೆ. 24 ವೋಲ್ಟ್, 10 ಆಂಪಿಯರ್-ಅವರ್ ಆದರೆ 240, ನಡೆಯುತ್ತದೆ. ಅದೇ 24 ವೋಲ್ಟ್, 20 ಆದರೆ 480, ನಡೆಯುವುದಿಲ್ಲ. ಕೊಳ್ಳುವಾಗಲೇ ಈ ಗುಣಾಕಾರ ಮಾಡಿ. ಹೊರಡುವ ಮುಂಚೆ ನಿಮ್ಮ ವಿಮಾನ ಸಂಸ್ಥೆಯ ಒಪ್ಪಿಗೆಯನ್ನೂ ಪಡೆದಿರಿ.

ಕೀಲುಗಳ ಕಾಳಜಿ

ಮಡಚುವ ಕುರ್ಚಿಯಲ್ಲಿ ಕೀಲು ಜಾಸ್ತಿ, ಸಡಿಲಾಗುವ ಜಾಗವೂ ಜಾಸ್ತಿ. ತಿಂಗಳಿಗೊಮ್ಮೆ ಕತ್ತರಿಯ ನಡುವಿನ ಬೋಲ್ಟ್ ನೋಡಿ. ಅಲ್ಲಾಡುತ್ತಿದ್ದರೆ ಬಿಗಿ ಮಾಡಿ, ಆದರೆ ಮಡಚಲಾಗದಷ್ಟು ಬೇಡ. ಮುಂದಿನ ಚಕ್ರಗಳಿಗೆ ಸುತ್ತಿದ ಕೂದಲು, ದಾರ ಬಿಡಿಸಿ. ಕಳಚುವ ಚಕ್ರದ ಅಚ್ಚನ್ನು ಒಣಬಟ್ಟೆಯಲ್ಲಿ ಒರೆಸಿ, ಮರಳು ಕೂತರೆ ಗುಂಡಿ ಸಿಕ್ಕಿಕೊಳ್ಳುತ್ತದೆ. ಮಳೆಯಲ್ಲಿ ನೆನೆದದ್ದನ್ನು ಮಡಚಿ ಹಾಗೇ ಡಿಕ್ಕಿಯಲ್ಲಿ ಬಿಡಬೇಡಿ.

ಇನ್ನು ಮರೆವು. ಒಮ್ಮೆ ಫುಟ್‌ರೆಸ್ಟ್ ಬಿಚ್ಚಿ ಪಾರ್ಕಿಂಗ್ ನೆಲದ ಮೇಲೆ ಇಟ್ಟು, ಅಮ್ಮನನ್ನು ಕೂರಿಸಿ, ಕುರ್ಚಿ ಏರಿಸಿ, ಕಾರು ಹೊರಡಿಸಿಬಿಟ್ಟೆ. ತಿರುಗಿ ಬರುವಷ್ಟರಲ್ಲಿ ಒಂದು ಯಾವುದೋ ಗಾಡಿಯ ಕೆಳಗೆ ಸಿಕ್ಕಿ ಸೊಟ್ಟಗಾಗಿತ್ತು. ಅವತ್ತಿನಿಂದ ಎರಡಕ್ಕೂ ಕೆಂಪು ಟೇಪ್ ಸುತ್ತಿದ್ದೇನೆ, ಬಿಚ್ಚಿದ ಕೂಡಲೇ ಡಿಕ್ಕಿಗೆ ಹೋಗುವುದೂ ಅವೇ ಮೊದಲು. ಆದರೂ ಅಮ್ಮನಿಗೆ ನಂಬಿಕೆ ಇಲ್ಲ. ಕೀಲಿ ತಿರುಗಿಸುವ ಮುಂಚೆ ಪ್ರತಿ ಸಲ ಕೇಳುತ್ತಾಳೆ: "ನನ್ನ ಕಾಲು ಎರಡೂ ಹಾಕಿದ್ಯಾ?"